ನಿದ್ದೆ ಸರಿಯಿಲ್ಲದವರಲ್ಲಿ ಖಿನ್ನತೆಯ ಅಪಾಯ ಗುರುತಿಸುವ ಮಷೀನ್ ಲರ್ನಿಂಗ್ ಮಾಡೆಲ್: ಫಲಿತಾಂಶ ಇಷ್ಟು ಚೆನ್ನಾಗಿ ಬಂದದ್ದೇ ಅನುಮಾನ

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ

ನಾನು ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಸಂಖ್ಯಾಶಾಸ್ತ್ರ ನನ್ನ ಮೂಲ ವಿಷಯವಲ್ಲ, ಪೈಥಾನ್ ಕಲಿತದ್ದು ಈಚೆಗೆ. ಆದ್ದರಿಂದ ಪ್ರಶ್ನೆಯಲ್ಲಿ ಬಾಲಿಶವಾದದ್ದೇನಾದರೂ ಕಂಡರೆ ಮನ್ನಿಸಬೇಕು. ನಿದ್ದೆಯ ತೊಂದರೆ ಇರುವ ಎಲ್ಲರನ್ನೂ ಮನೋವೈದ್ಯರ ಬಳಿಗೆ ಕಳುಹಿಸುವುದು ಆಗದ ಮಾತು. ಅವರಲ್ಲಿ ಯಾರಿಗೆ ಖಿನ್ನತೆಯ ಅಪಾಯ ಹೆಚ್ಚಿದೆ ಎಂಬುದನ್ನು ಮಷೀನ್ ಲರ್ನಿಂಗ್ ಮೂಲಕ ಮೊದಲೇ ಸೋಸಿ ತೆಗೆಯಬಹುದೇ ಎಂಬುದು ನನ್ನ ಪ್ರಬಂಧದ ವಿಷಯ.

ಹೆಸರು ಕೇಳದೆ ನಡೆಸಿದ ಆನ್‌ಲೈನ್ ಸಮೀಕ್ಷೆಯೊಂದರಲ್ಲಿ ಭಾಗವಹಿಸಿದವರು ಎರಡು ಪ್ರಶ್ನಾವಳಿಗಳನ್ನು ತುಂಬಿದ್ದಾರೆ: ನಿದ್ದೆಯ ಗುಣಮಟ್ಟಕ್ಕೆ ಪಿಟ್ಸ್‌ಬರ್ಗ್ ಸೂಚ್ಯಂಕ, ಅಂದರೆ ಪಿಎಸ್‌ಕ್ಯೂಐ, ಮತ್ತು ಖಿನ್ನತೆಗೆ ಪಿಎಚ್‌ಕ್ಯೂ-9. ಜೊತೆಗೆ ವಯಸ್ಸು, ಲಿಂಗ, ಪಾಳಿ ಕೆಲಸ, ಮಲಗುವ ಮುನ್ನ ಮೊಬೈಲ್ ಬಳಕೆ ಮುಂತಾದ ಕೆಲವು ವಿವರಗಳಿವೆ. ರೂಢಿಯಂತೆ, ಪಿಎಸ್‌ಕ್ಯೂಐಯಲ್ಲಿ 21ಕ್ಕೆ 5ಕ್ಕಿಂತ ಹೆಚ್ಚು ಅಂಕ ಬಂದವರನ್ನು ನಿದ್ದೆ ಸರಿಯಿಲ್ಲದವರೆಂದೂ, ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಅಪಾಯವಿರುವವರೆಂದೂ ಗುರುತು ಹಾಕಿದೆ. ಅಪಾಯವಿರುವವರ ಸಂಖ್ಯೆ ಕಡಿಮೆ ಇದ್ದದ್ದರಿಂದ ಕಡಿಮೆಯಿರುವ ಗುಂಪಿಗೆ ಕೃತಕ ಸಾಲುಗಳನ್ನು ಸೇರಿಸುವ ಸ್ಮೋಟ್ ವಿಧಾನದಿಂದ ಎರಡೂ ಗುಂಪುಗಳನ್ನು ಸರಿದೂಗಿಸಿ, ಬಳಿಕ ದತ್ತಾಂಶವನ್ನು ತರಬೇತಿಗೆ ಮತ್ತು ಪರೀಕ್ಷೆಗೆಂದು ಭಾಗ ಮಾಡಿ, ಎಕ್ಸ್‌ಜಿಬೂಸ್ಟ್ ಎಂಬ ಮಷೀನ್ ಲರ್ನಿಂಗ್ ವಿಧಾನಕ್ಕೆ ಕೊಟ್ಟೆ.

ಮಾಡೆಲ್ ಎರಡು ಗುಂಪುಗಳನ್ನು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬುದರ ಅಳತೆಯಾದ ಎಯುಸಿ (ಗರಿಷ್ಠ 1) 0.9ನ್ನು ದಾಟಿತು. ನನಗೆ ಸಂತೋಷವಾಯಿತು, ನನ್ನ ಮಾರ್ಗದರ್ಶಕರಿಗೆ ಆಗಲಿಲ್ಲ. "ಇಷ್ಟು ಚೆನ್ನಾಗಿ ಬಂದಿದೆ ಎಂದರೆ ಎಲ್ಲೋ ಸೋರಿದೆ, ಹುಡುಕಮ್ಮ" ಎಂದು ಹೇಳಿ ಕಳುಹಿಸಿದರು. ಮಾಡೆಲ್‌ನ ಊಹೆಯಲ್ಲಿ ಯಾವ ಅಂಶದ ಪಾಲು ಎಷ್ಟು ಎಂದು ತೋರಿಸುವ ಶಾಪ್ (SHAP) ಮೌಲ್ಯಗಳನ್ನು ನೋಡಿದರೆ ಪಿಎಸ್‌ಕ್ಯೂಐಯ 'ಹಗಲಿನ ಕಾರ್ಯಕ್ಷಮತೆಯ ಕುಂದು' ಎಂಬ ಘಟಕವೇ ಎಲ್ಲಕ್ಕಿಂತ ಮೇಲಿದೆ. ಎಷ್ಟು ಗಂಟೆ ನಿದ್ದೆ ಎಂಬುದು ಬಹಳ ಕೆಳಗಿದೆ. ಇದು ನಿಜವಾದ ಶೋಧವೋ, ಅಥವಾ ನನ್ನ ವಿಧಾನದಲ್ಲೇ ದೋಷವಿದೆಯೋ ತಿಳಿಯದಾಗಿದೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಲೆಕ್ಕಿಗ

ನಿಮ್ಮ ಮಾರ್ಗದರ್ಶಕರ ಮೂಗು ಚುರುಕಾಗಿದೆ. ಸೋರಿಕೆ, ಅಂದರೆ ಮಾಡೆಲ್‌ಗೆ ಉತ್ತರ ಮೊದಲೇ ಸಿಕ್ಕಿಬಿಡುವ ದಾರಿ, ಒಂದಲ್ಲ, ಎರಡು ಕಡೆ ಇದೆ. ಸಣ್ಣದನ್ನು ಮೊದಲು ಮುಗಿಸುತ್ತೇನೆ: ಸ್ಮೋಟ್ ಮಾಡಿದ ಮೇಲೆ ಭಾಗ ಮಾಡಿದ್ದು ತಪ್ಪು. ಸ್ಮೋಟ್ ಹೊಸ ಸಾಲುಗಳನ್ನು ಸೃಷ್ಟಿಸುವುದು ಅಕ್ಕಪಕ್ಕದ ಹಳೆಯ ಸಾಲುಗಳ ನಡುವಿನಿಂದಲೇ. ಮೊದಲೇ ಸೃಷ್ಟಿಸಿ ಆಮೇಲೆ ಹಂಚಿದರೆ, ಪರೀಕ್ಷೆಗೆಂದು ಬದಿಗಿಟ್ಟ ಸಾಲುಗಳ ಒಡಹುಟ್ಟಿದವು ತರಬೇತಿಯ ಕಡೆಯಲ್ಲಿ ಕುಳಿತಿರುತ್ತವೆ. ಮೊದಲು ಭಾಗ ಮಾಡಿ, ಸರಿದೂಗಿಸುವುದೇನಿದ್ದರೂ ತರಬೇತಿಯ ಭಾಗದಲ್ಲಿ ಮಾತ್ರ ಮಾಡಿ. ನನ್ನನ್ನು ಕೇಳಿದರೆ ಸ್ಮೋಟನ್ನೇ ಕೈಬಿಡಿ. ಅರ್ಧಕ್ಕರ್ಧ ಜನ ಖಿನ್ನರು ಎಂದು ಮಾಡೆಲ್‌ಗೆ ಪಾಠ ಹೇಳಿಕೊಟ್ಟ ಮೇಲೆ ಅದು ಕೊಡುವ ಸಂಭವನೀಯತೆಗಳೆಲ್ಲ ಉಬ್ಬಿಯೇ ಬರುತ್ತವೆ.

ದೊಡ್ಡ ಸೋರಿಕೆ ಕೋಡ್‌ನಲ್ಲಿಲ್ಲ, ಪ್ರಶ್ನಾವಳಿಗಳಲ್ಲಿದೆ. ಎರಡನ್ನೂ ಮುದ್ರಿಸಿ, ಪಕ್ಕಪಕ್ಕ ಇಟ್ಟು, ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿ. ಪಿಎಚ್‌ಕ್ಯೂ-9ರ ಮೂರನೆಯ ಪ್ರಶ್ನೆ ನಿದ್ದೆ ಬಾರದಿರುವುದು, ನಡುವೆ ಎಚ್ಚರವಾಗುವುದು ಅಥವಾ ಅತಿಯಾಗಿ ನಿದ್ದೆ ಮಾಡುವುದರ ಬಗೆಗೇ ಇದೆ. ನಾಲ್ಕನೆಯದು ದಣಿವು, ಏಳನೆಯದು ಏಕಾಗ್ರತೆಯ ಕೊರತೆ. ಒಂದೊಂದಕ್ಕೂ ಗರಿಷ್ಠ 3 ಅಂಕ. ಮನಸ್ಸಿನಲ್ಲಿ ಯಾವ ಕುಂದೂ ಇಲ್ಲದ, ಆದರೆ ಇರುಳೆಲ್ಲ ಹೊರಳಾಡುವ ಒಬ್ಬ ವ್ಯಕ್ತಿಯನ್ನು ಊಹಿಸಿಕೊಳ್ಳಿ. ಈ ಮೂರು ಪ್ರಶ್ನೆಗಳಿಂದಲೇ ಅವರಿಗೆ 9 ಅಂಕ ಬರಬಹುದು. ಉಳಿದ ಆರರಲ್ಲಿ ಎಲ್ಲಾದರೂ ಒಂದೇ ಒಂದು ಅಂಕ ಸೇರಿದರೆ 10 ಆಯಿತು, ನಿಮ್ಮ ಪಟ್ಟಿಯಲ್ಲಿ ಅವರು 'ಅಪಾಯವಿರುವವರು'.

ಇನ್ನು ಪಿಎಸ್‌ಕ್ಯೂಐ ಕಡೆಗೆ ಬನ್ನಿ. ನಿಮ್ಮ ಶಾಪ್ ಪಟ್ಟಿಯಲ್ಲಿ ಮೊದಲು ನಿಂತ ಹಗಲಿನ ಘಟಕ ಎರಡು ಪ್ರಶ್ನೆಗಳಿಂದ ಆದದ್ದು. ಒಂದು, ವಾಹನ ನಡೆಸುವಾಗ ಅಥವಾ ಊಟ ಮಾಡುವಾಗ ಎಚ್ಚರವಾಗಿರುವುದು ಕಷ್ಟವಾಯಿತೇ ಎಂಬುದು. ಇನ್ನೊಂದು, ಕೆಲಸಕಾರ್ಯಗಳನ್ನು ಮಾಡುವ ಉತ್ಸಾಹ ಉಳಿಸಿಕೊಳ್ಳುವುದು ಎಷ್ಟು ಕಷ್ಟವಾಯಿತು ಎಂಬುದು. ಈಗ ಪಿಎಚ್‌ಕ್ಯೂ-9ರ ಮೊದಲನೆಯ ಪ್ರಶ್ನೆಯನ್ನು ಓದಿ: ಮಾಡುವ ಕೆಲಸಗಳಲ್ಲಿ ಆಸಕ್ತಿಯಾಗಲಿ ಸಂತೋಷವಾಗಲಿ ಇಲ್ಲದಿರುವುದು. ಒಂದೇ ಸಂಗತಿಯನ್ನು ಎರಡು ಬಾಯಲ್ಲಿ ಕೇಳಿದಂತಾಗಲಿಲ್ಲವೇ? ನಿಮ್ಮ ಮಾಡೆಲ್ ಖಿನ್ನತೆಯನ್ನು ಕಂಡುಹಿಡಿದಿಲ್ಲ. ಉತ್ತರಪತ್ರಿಕೆಯ ಒಂದು ಪುಟವನ್ನು ನೋಡಿ ಇನ್ನೊಂದು ಪುಟವನ್ನು ಬರೆದಿದೆ.

ಇದನ್ನು ಪರೀಕ್ಷಿಸುವ ಉಪಾಯ ಸರಳವಾದದ್ದು. ಫಲಿತಾಂಶದ ಕಡೆಯಿಂದ ನಿದ್ದೆ, ದಣಿವು, ಏಕಾಗ್ರತೆಯ ಪ್ರಶ್ನೆಗಳನ್ನೂ, ಮಾಡೆಲ್‌ಗೆ ಕೊಡುವ ಕಡೆಯಿಂದ ಉತ್ಸಾಹದ ಪ್ರಶ್ನೆಯನ್ನೂ ತೆಗೆದು ಮತ್ತೊಮ್ಮೆ ಓಡಿಸಿ. ಅಥವಾ ಪಿಎಚ್‌ಕ್ಯೂ-9ರ ಮೊದಲ ಎರಡೇ ಪ್ರಶ್ನೆಗಳಾದ ಪಿಎಚ್‌ಕ್ಯೂ-2 ಅನ್ನು ಫಲಿತಾಂಶವಾಗಿ ಇಟ್ಟುಕೊಳ್ಳಿ. ಅದರಲ್ಲಿ 6ಕ್ಕೆ 3 ಎಂಬುದು ರೂಢಿಯ ಗಡಿ. ಏನು ಉಳಿಯುತ್ತದೆಯೋ ಅದು ನಿಮ್ಮ ನಿಜವಾದ ಸಂಪಾದನೆ. ಜೊತೆಗೆ ಸಂಖ್ಯಾಶಾಸ್ತ್ರದ ಹಳೆಯ, ಸಾದಾ ವಿಧಾನವಾದ ಲಾಜಿಸ್ಟಿಕ್ ರಿಗ್ರೆಶನ್ ಒಂದನ್ನು ಪಕ್ಕದಲ್ಲಿ ಓಡಿಸಲು ಮರೆಯಬೇಡಿ. 2019ರಲ್ಲಿ ಪ್ರಕಟವಾದ, 71 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ವಿಮರ್ಶೆಯಲ್ಲಿ, ಕಾಯಿಲೆಗಳನ್ನು ಊಹಿಸುವ ಕೆಲಸದಲ್ಲಿ ಮಷೀನ್ ಲರ್ನಿಂಗ್ ವಿಧಾನಗಳು ಲಾಜಿಸ್ಟಿಕ್ ರಿಗ್ರೆಶನ್ನನ್ನು ಮೀರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಕೆಲವೇ ಡಜನ್ ಅಂಕಣಗಳ ಪ್ರಶ್ನಾವಳಿಯ ದತ್ತಾಂಶದಲ್ಲಿ ಹೀಗಾಗುವುದು ಆಶ್ಚರ್ಯವೇನಲ್ಲ.

ಉತ್ತರ: ಮನೋವೈದ್ಯೆ

ಲೆಕ್ಕಿಗರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆಯೊಂದಿಗೆ. ನಿದ್ದೆ, ದಣಿವು, ಏಕಾಗ್ರತೆ ಇವು ಖಿನ್ನತೆಗೆ ಅಂಟಿಕೊಂಡ ಕಸವಲ್ಲ, ಅದರ ಲಕ್ಷಣಗಳೇ. ಮಾಡೆಲ್ ಏನನ್ನು ಕಲಿತಿದೆ ಎಂದು ತಿಳಿಯುವುದಕ್ಕಾಗಿ ಅವನ್ನು ತಾತ್ಕಾಲಿಕವಾಗಿ ಬದಿಗಿಡುವುದು ಸರಿ. ಆದರೆ 'ನಿದ್ದೆಯ ಪ್ರಶ್ನೆಯಿಲ್ಲದ ಖಿನ್ನತೆ' ಎಂಬ ಹೊಸ ಕಾಯಿಲೆಯೊಂದನ್ನು ಪ್ರಬಂಧದಲ್ಲಿ ಸೃಷ್ಟಿಸಿಬಿಡಬೇಡಿ. ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ಕೊಡಿ.

ನನಗೆ ಹೆಚ್ಚು ತೊಡಕಾಗಿ ಕಾಣುವುದು 'ಅಪಾಯ' ಎಂಬ ನಿಮ್ಮ ಪದ. ಪಿಎಸ್‌ಕ್ಯೂಐ ಕೇಳುವುದು ಕಳೆದ ಒಂದು ತಿಂಗಳ ಬಗ್ಗೆ, ಪಿಎಚ್‌ಕ್ಯೂ-9 ಕೇಳುವುದು ಕಳೆದ ಎರಡು ವಾರಗಳ ಬಗ್ಗೆ, ಎರಡನ್ನೂ ತುಂಬಿದ್ದು ಒಂದೇ ಹೊತ್ತಿನಲ್ಲಿ. ನಿಮ್ಮ ಮಾಡೆಲ್ ಹೇಳುವುದು ಇಂದು ಯಾರಲ್ಲಿ ಲಕ್ಷಣಗಳಿವೆ ಎಂದೇ ಹೊರತು ನಾಳೆ ಯಾರಿಗೆ ಬರಲಿದೆ ಎಂದಲ್ಲ. ಇಂದಿನ ಸ್ಥಿತಿಯನ್ನೇ ಅರಿಯಬೇಕಿದ್ದರೆ, ಪಿಎಸ್‌ಕ್ಯೂಐ ತುಂಬಿಸಿ ಮಾಡೆಲ್ ಓಡಿಸುವ ಬದಲು ನೇರವಾಗಿ ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆಗಳನ್ನೇ ಕೇಳಬಾರದೇಕೆ? ಅದಕ್ಕೆ ಹೆಚ್ಚು ಸಮಯವೇನೂ ಹಿಡಿಯದು. ಪರೀಕ್ಷಕರು ಇದನ್ನು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

ಮುಂದಿನ ಅಪಾಯವನ್ನು ಹೇಳಬೇಕೆಂದರೆ, ಮೊದಲ ಭೇಟಿಯಲ್ಲಿ ಖಿನ್ನತೆಯಿಲ್ಲದವರನ್ನು ಮಾತ್ರ ಆರಿಸಿಕೊಂಡು, ಕಾಲ ಕಳೆದ ಮೇಲೆ ಅವರನ್ನೇ ಮತ್ತೆ ನೋಡಬೇಕು. ಈ ದಾರಿ ಹೊಸದಲ್ಲ. ಫೋರ್ಡ್ ಮತ್ತು ಕ್ಯಾಮರೋ 1989ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ 7,954 ಜನರನ್ನು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಸಂದರ್ಶಿಸಲಾಗಿತ್ತು. ಎರಡೂ ಸಲ ನಿದ್ರಾಹೀನತೆ ಇದ್ದವರಲ್ಲಿ ಹೊಸದಾಗಿ ಖಿನ್ನತೆ ಕಾಣಿಸಿಕೊಳ್ಳುವ ಸಂಭವ ಬಹಳ ಹೆಚ್ಚಿತ್ತು. ಎರಡನೆಯ ಸಂದರ್ಶನದ ಹೊತ್ತಿಗೆ ನಿದ್ದೆ ಸರಿಹೋಗಿದ್ದವರಲ್ಲಿ ಅದು ತೀರಾ ಕಡಿಮೆಯಿತ್ತು. 2011ರಲ್ಲಿ ಬಾಲ್ಯೋನಿ ಮತ್ತು ಸಂಗಡಿಗರು ಇಂತಹ ದೀರ್ಘಾವಧಿ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಖಿನ್ನತೆಯಿಲ್ಲದ ನಿದ್ರಾಹೀನರಿಗೆ ಮುಂದೆ ಖಿನ್ನತೆ ಬರುವ ಸಂಭವ ಚೆನ್ನಾಗಿ ನಿದ್ರಿಸುವವರ ಸುಮಾರು ದುಪ್ಪಟ್ಟು ಎಂದು ಕಂಡುಬಂತು. ಅಂದರೆ ನೋಡಬೇಕಾದದ್ದು ಒಂದು ರಾತ್ರಿಯನ್ನೋ ಒಂದು ತಿಂಗಳನ್ನೋ ಅಲ್ಲ, ತೊಂದರೆ ಉಳಿದುಕೊಂಡಿದೆಯೇ ಎಂಬುದನ್ನು. ಒಮ್ಮೆ ಮಾತ್ರ ತುಂಬಿಸಿಕೊಂಡ ಪ್ರಶ್ನಾವಳಿಯಿಂದ ಅದು ಸಿಗುವುದಿಲ್ಲ.

ಇನ್ನೊಂದು ಮಾತು. ಪಿಎಚ್‌ಕ್ಯೂ-9ರಲ್ಲಿ 10 ಮುಟ್ಟುವುದು ರೋಗನಿರ್ಣಯವಲ್ಲ. ನುರಿತವರು ಕುಳಿತು ಸಂದರ್ಶಿಸಿದಾಗ ಸಿಗುವ ಸಂಖ್ಯೆಗೆ ಹೋಲಿಸಿದರೆ ಈ ಗಡಿ ಸುಮಾರು ಎರಡರಷ್ಟು ಜನರನ್ನು ಖಿನ್ನರೆಂದು ಎಣಿಸುತ್ತದೆ. ಖಿನ್ನತೆಯ ಜೊತೆಗೆ ಅತಿ ಹುರುಪಿನ ಕಾಲವೂ ಬಂದುಹೋಗುವ ಬೈಪೋಲಾರ್ ಕಾಯಿಲೆಯನ್ನು ಅದು ಪ್ರತ್ಯೇಕಿಸುವುದೂ ಇಲ್ಲ. ನಿದ್ದೆ ಬೇಕು ಆದರೆ ಬರುತ್ತಿಲ್ಲ ಎನ್ನುವವರು ಬೇರೆ, ನಿದ್ದೆಯೇ ಬೇಕೆನಿಸುತ್ತಿಲ್ಲ, ಮೂರು ಗಂಟೆ ಮಲಗಿದರೂ ಮೈಯಲ್ಲಿ ಹುರುಪು ತುಂಬಿದೆ ಎನ್ನುವವರು ಬೇರೆ. 'ಎಷ್ಟು ಗಂಟೆ ಮಲಗಿದಿರಿ' ಎಂಬ ಅಂಕಣದಲ್ಲಿ ಇಬ್ಬರೂ 3 ಎಂದೇ ಬರೆಯುತ್ತಾರೆ. ಚಿಕಿತ್ಸೆಯ ದಾರಿ ಮಾತ್ರ ಇಬ್ಬರಿಗೂ ಒಂದೇ ಅಲ್ಲ.

ಉತ್ತರ: ಅರೆನಿದ್ದೆ

ನಾನು ವೈದ್ಯನೂ ಅಲ್ಲ, ಲೆಕ್ಕದವನೂ ಅಲ್ಲ. ಸೋಸುವ ಜರಡಿಯಲ್ಲಿ ಬಿದ್ದವನು. ಆ ಕಡೆಯ ಅನುಭವವೂ ನಿಮ್ಮ ಕೆಲಸಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಮಣಿಕಟ್ಟಿಗೆ ಕಟ್ಟುವ ಒಂದು ಗಡಿಯಾರ ಮತ್ತು ಅದರ ಆ್ಯಪ್ ಅನ್ನು ಎರಡು ವರ್ಷ ಬಳಸಿದೆ. ನನ್ನ ಅಭ್ಯಾಸವೆಂದರೆ ನಿದ್ದೆ ಬಾರದಿದ್ದರೂ ಪಕ್ಕದವರಿಗೆ ತೊಂದರೆಯಾಗಬಾರದೆಂದು ಕದಲದೆ ಮಲಗಿರುವುದು. ಎರಡು ಗಂಟೆ ಕಾಲ ಸೂರು ನೋಡುತ್ತಾ ಬಿದ್ದಿದ್ದರೂ ಬೆಳಿಗ್ಗೆ ಗಡಿಯಾರ ಅದನ್ನೂ ನಿದ್ದೆಯ ಲೆಕ್ಕಕ್ಕೇ ಹಾಕಿರುತ್ತಿತ್ತು. ಒಂದು ದಿನ ನಸುಕಿನ ಮೂರು ಗಂಟೆಗೆ, ಸಮಯ ನೋಡಲು ಕೈಯೆತ್ತಿದಾಗ, ಪರದೆಯ ಮೇಲೆ ಸಂದೇಶ ಬಂತು: ನಿಮ್ಮ ನಿದ್ದೆಯ ಮಾದರಿಯನ್ನು ನೋಡಿದರೆ ಖಿನ್ನತೆಯ ಸಾಧ್ಯತೆ ಹೆಚ್ಚಿದೆ. ಅದರ ಕೆಳಗೆ 'ಸರಿ' ಎಂಬ ಒಂದು ಗುಂಡಿ. ಅಷ್ಟೇ. ಯಾರನ್ನು ಕಾಣಬೇಕು, ಏನು ಮಾಡಬೇಕು, ಯಾಕೆ ಹೀಗೆ ಹೇಳುತ್ತಿದೆ ಎಂಬ ಒಂದಕ್ಷರವೂ ಇಲ್ಲ. ಮಿಕ್ಕ ರಾತ್ರಿ ಹೇಗೆ ಕಳೆದಿರಬಹುದೆಂದು ನೀವೇ ಊಹಿಸಿ.

ಆಮೇಲಿನ ಕೆಲವು ವಾರ ಆ ಅಂಕವನ್ನು ಇಳಿಸುವುದೇ ನನ್ನ ಕಸುಬಾಯಿತು. ಬೇಗ ಮಲಗುವುದು, ಗಡಿಯಾರ ನೋಡುವುದು, ಮತ್ತೆ ನೋಡುವುದು. ಅಂಕಗಳ ಬೆನ್ನುಹತ್ತಿ ನಿದ್ದೆ ಕೆಡಿಸಿಕೊಳ್ಳುವ ಈ ಪರಿಗೆ ಸಂಶೋಧಕರು 2017ರಲ್ಲೇ 'ಆರ್ಥೋಸಾಮ್ನಿಯಾ' ಎಂದು ಹೆಸರಿಟ್ಟಿದ್ದಾರೆಂದು ಬಹಳ ತಡವಾಗಿ ತಿಳಿಯಿತು. ಕೊನೆಗೆ ನನ್ನ ಹೆಂಡತಿಯ ಒತ್ತಾಯಕ್ಕೆ ವೈದ್ಯರನ್ನು ಕಂಡೆ. ಅವರು ಕೇಳಿದ ಮೊದಲ ಪ್ರಶ್ನೆ ನನಗಲ್ಲ, ಅವಳಿಗೆ: "ಗೊರಕೆ ಹೊಡೆಯುತ್ತಾರಾ? ನಡುವೆ ಉಸಿರು ನಿಂತಂತೆ ಆಗುತ್ತದಾ?" ರಾತ್ರಿಯಿಡೀ ನಡೆಸಿದ ನಿದ್ದೆಯ ಪರೀಕ್ಷೆಯಲ್ಲಿ ಗಂಟೆಗೆ 30ಕ್ಕೂ ಹೆಚ್ಚು ಬಾರಿ ಉಸಿರಾಟಕ್ಕೆ ತಡೆಯಾಗುತ್ತಿರುವುದು ಕಂಡುಬಂತು. ಉಸಿರಿನ ದಾರಿ ಮುಚ್ಚದಂತೆ ಗಾಳಿಯೊತ್ತುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗತೊಡಗಿದ ಮೇಲೆ ದಣಿವು, ಮರೆವು, ಸಿಡುಕು ಎಲ್ಲವೂ ಹಂತಹಂತವಾಗಿ ಇಳಿದವು. ಖಿನ್ನತೆ ಇರಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹುಡುಕಬೇಕಾದ ಕಡೆ ಯಾರೂ ಹುಡುಕಿರಲಿಲ್ಲ. ನಿಮ್ಮ ಸಮೀಕ್ಷೆಯಲ್ಲಿ ಗೊರಕೆಯ ಪ್ರಶ್ನೆ ಇದೆಯೇ?

ಉತ್ತರ: ಸಂಶೋಧನಾ ವಿದ್ಯಾರ್ಥಿನಿ

ಮೂವರಿಗೂ ಕೃತಜ್ಞತೆಗಳು. ಹೇಳಿದಂತೆ ಎರಡೂ ಪ್ರಶ್ನಾವಳಿಗಳನ್ನು ಮುದ್ರಿಸಿ ಪೆನ್ಸಿಲ್ ಹಿಡಿದು ಕುಳಿತೆ. ಉತ್ಸಾಹದ ಪ್ರಶ್ನೆಗೆ ಗೆರೆ ಎಳೆಯುವಾಗ ನಾಚಿಕೆಯಾಯಿತು. ಇಷ್ಟು ತಿಂಗಳಲ್ಲಿ ಆ ಪ್ರಶ್ನಾವಳಿಯನ್ನು ಸಾಲು ಸಾಲಾಗಿ ಓದಿರಲೇ ಇಲ್ಲ, ಅಂಕಣಗಳ ಹೆಸರುಗಳನ್ನು ಮಾತ್ರ ಓದಿದ್ದೆ.

ಮೊದಲು ಭಾಗ ಮಾಡಿ, ಸ್ಮೋಟ್ ಬಿಟ್ಟು, ಹೊಂದಿಕೆಯಾಗುವ ಪ್ರಶ್ನೆಗಳನ್ನು ಎರಡೂ ಕಡೆಯಿಂದ ತೆಗೆದು ಮತ್ತೆ ಓಡಿಸಿದೆ. ಎಯುಸಿ ಚೆನ್ನಾಗಿಯೇ ಕುಸಿಯಿತು. ಲಾಜಿಸ್ಟಿಕ್ ರಿಗ್ರೆಶನ್ ಮತ್ತು ಎಕ್ಸ್‌ಜಿಬೂಸ್ಟ್ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಪಿಎಸ್‌ಕ್ಯೂಐಯ ಒಟ್ಟು ಅಂಕವೂ ಬಲ ಕಳೆದುಕೊಂಡಿತು. 5ಕ್ಕಿಂತ ಹೆಚ್ಚು ಬಂದವರನ್ನಷ್ಟೇ ಆರಿಸಿಕೊಂಡ ಮೇಲೆ ಅದರ ಏರಿಳಿತದ ಹರವೇ ಕಿರಿದಾಗಿರುವುದು ಇದಕ್ಕೆ ಕಾರಣವಿರಬೇಕು. ಉಳಿದು ನಿಂತದ್ದು ಕೆಟ್ಟ ಕನಸುಗಳ ಪ್ರಶ್ನೆ ಮತ್ತು ನಿದ್ದೆ ಮಾತ್ರೆಯ ಬಳಕೆ. ಗೊರಕೆಯ ವಿಷಯ: ಪಿಎಸ್‌ಕ್ಯೂಐಯಲ್ಲಿ ಕೆಮ್ಮು ಅಥವಾ ಜೋರಾದ ಗೊರಕೆಯ ಒಂದು ಪ್ರಶ್ನೆ ಇದೆ, ಜೊತೆಗೆ ಹಾಸಿಗೆ ಹಂಚಿಕೊಳ್ಳುವವರನ್ನು ಕೇಳುವ ಕೆಲವು ಪ್ರಶ್ನೆಗಳಿವೆ. ಎರಡನೆಯವು ಅಂಕಕ್ಕೆ ಸೇರುವುದಿಲ್ಲವೆಂದು ನಮ್ಮ ಸಮೀಕ್ಷೆಯಲ್ಲಿ ಅವನ್ನು ಕೈಬಿಟ್ಟಿದ್ದೆವು. ಈಗ ಕೈ ಹಿಸುಕಿಕೊಳ್ಳುವಂತಾಗಿದೆ.

ಎರಡು ಸಂಗತಿ ಕೇಳುವುದಿದೆ. ಮಾಡೆಲ್ ಕೊಡುವ ಸಂಭವನೀಯತೆಯಲ್ಲಿ ಎಲ್ಲಿ ಗೆರೆ ಎಳೆಯಬೇಕು? 0.5 ಎಂಬುದಕ್ಕೆ ಆಧಾರವೇನಾದರೂ ಇದೆಯೇ? ಇನ್ನೊಂದು ನನ್ನ ನಿದ್ದೆಯನ್ನೇ ಕೆಡಿಸುತ್ತಿದೆ. ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ, ಸಾಯುವುದೇ ಮೇಲು ಎಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ. ಪೆನ್ಸಿಲ್ ಹಿಡಿದು ಓದುವವರೆಗೆ ಅದೂ ನನಗೆ ಒಂದು ಅಂಕಣವಷ್ಟೇ ಆಗಿತ್ತು. ಆ ಅಂಕಣವನ್ನು ಬಿಡಿಯಾಗಿ ತೆರೆದು ನೋಡಿದೆ. 'ಹೆಚ್ಚುಕಡಿಮೆ ಪ್ರತಿದಿನ' ಎಂದು ಗುರುತು ಹಾಕಿದವರಿದ್ದಾರೆ. ಅವರು ಯಾರೆಂದು ತಿಳಿಯುವ ದಾರಿಯಿಲ್ಲ; ತುಂಬಿ ಬಹಳ ತಿಂಗಳುಗಳೇ ಆಗಿವೆ.

ಉತ್ತರ: ಲೆಕ್ಕಿಗ

0.5ಕ್ಕೆ ಯಾವ ಪಾವಿತ್ರ್ಯವೂ ಇಲ್ಲ, ಅದು ತಂತ್ರಾಂಶದ ಸೋಮಾರಿತನ. ಗೆರೆ ಎಲ್ಲಿ ಎಂಬುದು ಗುರುತಿಸಿದವರನ್ನು ನೀವು ಮುಂದೆ ಏನು ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ನಿದ್ದೆ ಸರಿಯಿಲ್ಲದ 1,000 ಜನರಲ್ಲಿ 200 ಮಂದಿಗೆ ನಿಜವಾಗಿ ಖಿನ್ನತೆ ಇದೆ; ಮಾಡೆಲ್ ಇರುವವರಲ್ಲಿ ಶೇ. 80ರಷ್ಟನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ. 80ರಷ್ಟನ್ನು ಸರಿಯಾಗಿ ಬಿಡುತ್ತದೆ. ಆಗ 160 ಮಂದಿ ಸರಿಯಾಗಿ ಸಿಕ್ಕರೆ, ಉಳಿದ 800ರಲ್ಲಿ 160 ಮಂದಿ ಸುಮ್ಮನೆ ಸಿಕ್ಕಿಬೀಳುತ್ತಾರೆ. ಎಚ್ಚರಿಕೆ ಪಡೆದ ಇಬ್ಬರಲ್ಲಿ ಒಬ್ಬರದ್ದು ಸುಳ್ಳು. ಅದೇ ಮಾಡೆಲನ್ನು 1,000ಕ್ಕೆ 50 ಮಂದಿಗೆ ಮಾತ್ರ ಖಿನ್ನತೆಯಿರುವ ಗುಂಪಿಗೆ ಹಚ್ಚಿದರೆ 40 ನಿಜ, 190 ಸುಳ್ಳು. ಮಾಡೆಲ್ ಬದಲಾಗಿಲ್ಲ, ಜನ ಬದಲಾಗಿದ್ದಾರೆ. 'ಸರಿ' ಗುಂಡಿಯ ಆ ಸಂದೇಶವನ್ನು ಕಳುಹಿಸಿದವರು ಈ ಲೆಕ್ಕವನ್ನು ಮಾಡಿದ್ದಂತೆ ಕಾಣುವುದಿಲ್ಲ.

ಮುಂದಿನ ಹೆಜ್ಜೆ ಇನ್ನೊಂದು ಚಿಕ್ಕ ಪ್ರಶ್ನಾವಳಿಯೋ ಅರ್ಧ ಗಂಟೆಯ ಮಾತುಕತೆಯೋ ಆಗಿದ್ದರೆ ಸುಳ್ಳು ಎಚ್ಚರಿಕೆ ಅಷ್ಟು ದುಬಾರಿಯಲ್ಲ, ಗೆರೆಯನ್ನು ಕೆಳಗೆ ಎಳೆಯಬಹುದು. ಮುಂದಿನ ಹೆಜ್ಜೆ ಔಷಧಿಯಾಗಿದ್ದರೆ, ಅಥವಾ ಉದ್ಯೋಗದಾತರ ಕೈಗೆ ಹೋಗುವ ವರದಿಯಾಗಿದ್ದರೆ, ಗೆರೆಯ ಮಾತಿರಲಿ, ಮಾಡೆಲನ್ನೇ ಬಳಸಬೇಡಿ. ಈ ತೂಗಾಟವನ್ನು ಸಂಖ್ಯೆಗಳಲ್ಲಿ ತೋರಿಸಲು ವಿಕರ್ಸ್ ಮತ್ತು ಎಲ್ಕಿನ್ 2006ರಲ್ಲಿ ಮುಂದಿಟ್ಟ ಡಿಸಿಷನ್ ಕರ್ವ್ ವಿಶ್ಲೇಷಣೆ ಇದೆ. ಎಯುಸಿಯ ಪಕ್ಕದಲ್ಲಿ ಅದನ್ನೂ, ಕ್ಯಾಲಿಬ್ರೇಶನ್ ನಕ್ಷೆಯನ್ನೂ ಕೊಡಿ. ಶೇ. 30 ಸಂಭವವೆಂದು ಮಾಡೆಲ್ ಹೇಳಿದ ನೂರು ಜನರಲ್ಲಿ ಸುಮಾರು ಮೂವತ್ತು ಜನರಿಗೆ ನಿಜವಾಗಿಯೂ ಇದೆಯೇ ಎಂಬುದನ್ನು ಆ ನಕ್ಷೆಯೊಂದೇ ಹೇಳಬಲ್ಲದು.

ಉತ್ತರ: ಮನೋವೈದ್ಯೆ

ಒಂಬತ್ತನೆಯ ಪ್ರಶ್ನೆಯ ಬಗ್ಗೆ ನಾನು ಹೇಳುವುದು ಕಠಿಣವೆನಿಸಬಹುದು, ಆದರೆ ಹೇಳಬೇಕು. ಉತ್ತರ ಬಂದಾಗ ಕೈಚಾಚಲು ಸಾಧ್ಯವಿಲ್ಲದ ಕಡೆ ಆ ಪ್ರಶ್ನೆಯನ್ನು ಕೇಳಬಾರದಿತ್ತು. ಇದಕ್ಕಾಗಿಯೇ ಅದೊಂದನ್ನು ಬಿಟ್ಟ ಪಿಎಚ್‌ಕ್ಯೂ-8 ಇದೆ; ಗಡಿ ಅಲ್ಲಿಯೂ 10, ಜನಸಮೂಹದ ಸಮೀಕ್ಷೆಗಳಲ್ಲಿ ಅದನ್ನೇ ಬಳಸುವ ವಾಡಿಕೆಯಿದೆ. ನಿಮ್ಮೊಬ್ಬರ ತಪ್ಪೆಂದು ಹೇಳುತ್ತಿಲ್ಲ. ಇದನ್ನು ನೋಡಬೇಕಾದದ್ದು ನೈತಿಕ ಸಮಿತಿಯ ಮೇಜಿನ ಮೇಲೆ, ಸಮೀಕ್ಷೆ ಶುರುವಾಗುವ ಮೊದಲು.

ಈಗ ಮಾಡಬಹುದಾದದ್ದು ಇಷ್ಟು. ವಿಷಯವನ್ನು ಮಾರ್ಗದರ್ಶಕರಿಗೂ ಸಮಿತಿಗೂ ಲಿಖಿತವಾಗಿ ತಿಳಿಸಿ. ಸಮೀಕ್ಷೆಯ ಕೊಂಡಿ ಈಗಲೂ ತೆರೆದಿದ್ದರೆ ಇಂದೇ ಮುಚ್ಚಿಸಿ. ಅದನ್ನು ಹಂಚಿದ ಗುಂಪುಗಳಿಗೇ ಸಹಾಯವಾಣಿಯ ವಿವರಗಳನ್ನು ಮತ್ತೊಮ್ಮೆ ಕಳುಹಿಸಿ. ಹೆಸರು ಗೊತ್ತಿಲ್ಲದಿದ್ದರೂ ತುಂಬಿದವರು ಆ ಗುಂಪುಗಳಲ್ಲೇ ಇರುತ್ತಾರೆ. ಆ ಅಂಕಣವನ್ನು ಊಹಿಸುವ ಮಾಡೆಲ್ ಮಾಡುವ ಆಸೆ ಬಂದರೆ ತಡೆಯಿರಿ. ಅಷ್ಟು ಕಡಿಮೆ ಜನರಿರುವ ಕಡೆ ಲೆಕ್ಕಿಗರ ಗಣಿತ ಇನ್ನೂ ನಿಷ್ಕರುಣಿಯಾಗುತ್ತದೆ; ಅದಕ್ಕಿಂತಲೂ ಹೆಚ್ಚಾಗಿ, ಮಾಡೆಲ್ 'ಇಲ್ಲ' ಎಂದದ್ದನ್ನು ನಂಬಿ ಯಾರಾದರೂ ಕೇಳದೆ ಬಿಡುವ ಭಯ ನನಗಿದೆ.

ಕೆಟ್ಟ ಕನಸುಗಳ ಪ್ರಶ್ನೆ ಉಳಿದು ನಿಂತದ್ದು ಮಾತ್ರ ನನಗೆ ಕುತೂಹಲ ಹುಟ್ಟಿಸಿದೆ. ಅದು ಪಿಎಚ್‌ಕ್ಯೂ-9ರಲ್ಲಿ ಎಲ್ಲಿಯೂ ಇಲ್ಲ, ಹಾಗಾಗಿ ಪ್ರತಿಧ್ವನಿಯಲ್ಲ. ಆಘಾತದ ನೆನಪುಗಳಿರುವವರು ಮೊದಲ ಭೇಟಿಯಲ್ಲಿ ಆ ವಿಷಯವನ್ನು ಬಾಯಿಬಿಟ್ಟು ಹೇಳುವುದು ಅಪರೂಪ, ಆದರೆ ಕನಸಿನ ಬಗ್ಗೆ ಕೇಳಿದರೆ ಹೇಳುತ್ತಾರೆ. ಮುಂದಿನ ಸುತ್ತಿನಲ್ಲಿ ಆ ಒಂದು ಪ್ರಶ್ನೆಯನ್ನು ಬಿಡಿಸಿ ಕೇಳಿ: ವಾರಕ್ಕೆ ಎಷ್ಟು ಬಾರಿ, ಅದೇ ಕನಸು ಮರಳಿ ಬರುತ್ತದೆಯೇ, ಎಚ್ಚರವಾದ ಮೇಲೆ ಮತ್ತೆ ಮಲಗಲು ಹೆದರಿಕೆಯಾಗುತ್ತದೆಯೇ.

ಉತ್ತರ: ಸಂಶೋಧನಾ ವಿದ್ಯಾರ್ಥಿನಿ

ಕೊಂಡಿ ತೆರೆದೇ ಇತ್ತು. ಈಗಷ್ಟೇ ಮುಚ್ಚಿದೆ. ಸಮಿತಿಗೆ ಬರೆದ ಪತ್ರದ ಕರಡನ್ನು ಮಾರ್ಗದರ್ಶಕರಿಗೆ ಕಳುಹಿಸಿದ್ದೇನೆ. ಗುಂಪುಗಳಿಗೆ ಹೋಗುವ ಸಂದೇಶವನ್ನು ಅವರು ನೋಡಿದ ಕೂಡಲೇ, ಹಗಲು ಹೊತ್ತಿನಲ್ಲೇ ಕಳುಹಿಸುತ್ತೇನೆ.